ಹಚ್ಚಿ

ಫಾರ್ಮಸಿ ಕಾಲೇಜಿನ ಪ್ರಾಣಿಖೋಲಿ ಮುಚ್ಚಿದ ದಿನ
ಜವಾನ ಹುಚ್ಚೇಶಪ್ಪ ರಟ್ಟಿನ ಡಬ್ಬಿ ಹೊತ್ತು
ನವನಗರದ ನಮ್ಮ ಮನಿಗೆ ಬಂದ.
"ಆರು ಇದ್ದವು ಅಕ್ಕಾ, ಐದಕ್ಕ ಮನಿ ಸಿಕ್ತು.
ಇದೊಂದು ಉಳೀತು. ನೀವೂ ಬ್ಯಾಡ ಅಂದ್ರ..."
ಮುಂದಿಂದು ನುಂಗಿದ.

ನಾ ಬ್ಯಾಡ ಅನ್ನಲಿಲ್ಲ. ಹೂಂ ಅಂತನೂ ಅನ್ನಲಿಲ್ಲ.
ಜಂಪರಿಗೆ ತೋಳು ಹಚ್ಚಾಕತ್ತಿದ್ದೆ,
ಬಾಯಿ ತುಂಬ ಗುಂಡಪಿನ್ನು.
ಬಾಯಿ ಖಾಲಿ ಆಗೂದ್ರಾಗ ಅಂವ ಗೇಟು ದಾಟಿದ್ದ.

ಡಬ್ಬಿ ಮೂಲ್ಯಾಗ ಮುದ್ದಿಯಾಗಿ ಕುಂತ ಬಿಳುಪು.
ಎಡಗಿವಿ ಒಳಗ, ಗುಲಾಬಿ ಚರ್ಮದ ಮ್ಯಾಲ
ಹಸರ ಮಸಿಲೆ ಚುಚ್ಚಿದ್ದು:
ಇನ್ನೂರಾ ಹದಿನೇಳು.

ಮೊದಲ ದಿನ ತಿಜೋರಿ ಬುಡಕ್ಕ ಹೊಕ್ಕಿತು.
ಎರಡನೇ ದಿನನೂ ಅಲ್ಲೇ.
ಬಗ್ಗಿ ನೋಡಿದ್ರ ಎರಡು ಕಣ್ಣು, ಮತ್ತ
ಹೊಲಿಗಿ ಮಷೀನಿಗಿಂತ ಜೋರು ಬಡಿಯೋ ಎದಿ.
ಗಜ್ಜರಿ ಇಟ್ಟೆ, ಮೂಸಲಿಲ್ಲ.
ದನದ ಡಾಕ್ಟರು ಫೋನಿನ್ಯಾಗ ನಕ್ಕರು:
"ಗಜ್ಜರಿ ಚಿತ್ರದಾಗ ತಿಂತಾವ್ರಿ.
ಒಣ ಹುಲ್ಲು ಹಾಕ್ರಿ, ತನ್ನ ಮೈಯಷ್ಟು, ದಿನಾ.
ಇವಕ್ಕ ಸಾಯೂತನಕ ಹಲ್ಲು ಬೆಳೀತಾವು,
ಅಗದು ಅಗದೇ ಸವಸಬೇಕು."
ಕೇಳಿದ ಕೂಡಲೇ ನಮ್ಮತ್ತಿ ನೆನಪಾತು ಅನ್ನಬಾರದು,
ಆದ್ರೂ ಅನ್ನತೀನಿ.

ಗದ್ದನಕೇರಿ ಕ್ರಾಸಿನಿಂದ ಹುಲ್ಲಿನ ಸಿವುಡು ಬಂತು ಆಟೋದಾಗ.
ಮ್ಯಾಲಿನ ಮನಿ ಪಿಗ್ಮಿ ಸಂಕಣ್ಣ ಕಟ್ಟಿ ಮ್ಯಾಲ ನಿಂತು,
"ಮಂದಿ ಇದನ್ನ ಸಾರು ಮಾಡ್ತಾರ,
ನೀವು ಹಾಸಿಗಿ ಹಾಸಾಕತ್ತೀರಿ" ಅಂದ.
ಅವತ್ತಿನ ಪಿಗ್ಮಿ ಕೊಡಲಿಲ್ಲ ನಾ.

ಬಿಸಲು ನಲವತ್ತು ದಾಟಿದಾಗ
ಬಾಟ್ಲಿ ನೀರು ಕಲ್ಲಾಗಿಸಿ, ಅರಿವಿ ಸುತ್ತಿ
ಫರಸಿ ಮ್ಯಾಲ ಇಟ್ಟೆ.
ನಡುಮಧ್ಯಾಹ್ನ ಅದು ತಿಜೋರಿ ಬಿಟ್ಟು
ಒಂದೊಂದ ಕಾಲು ಎಣಿಸಿಕೊಂಡು ಬಂದು
ಬಾಟ್ಲಿಗೆ ಬೆನ್ನು ಆನಿಸಿ ದೊಪ್ಪನೆ ಉರುಳಿತು.
ಸತ್ತೇ ಹೋತು ಅಂತ ನಾ ಚೀರಿದೆ.
ಒಂದು ಕಿವಿ ಎತ್ತಿ, ಬ್ಯಾಸರಾಗಿ ನೋಡಿ
ಮತ್ತ ಮಲಗಿತು.

ಆಮ್ಯಾಲ ಎಲ್ಲಾ ಅದರದೇ.
ಎರಡು ಚಾರ್ಜರು, ಚಾಪಿ ಅಂಚು,
ಕ್ಯಾಲೆಂಡರಿನ ಕೆಳಗಿನ ವಾರ.
ಪಿಕೋ ಹಾಕಾಕ ಕೊಟ್ಟಿದ್ದ ಮುರನಾಳದವರ ಇಲಕಲ್ಲ ಸೀರಿ:
ತೋಪತೆನಿ ಸೆರಗಿನ್ಯಾಗ ಮೂರು ತೆನಿ ತಿಂದಿತ್ತು.
ಬರೇ ಮೂರು, ಸಾಲು ಹಿಡದು.
ದಂಡ ತೆತ್ತೆ. ಬೈಬೇಕಂತ ಹೋದ್ರ
ಮೂಗು ಅಲ್ಲಾಡಿಸಿಕೋತ ಪೆಡಲಿನ ಮ್ಯಾಲ ಇದ್ದ
ನನ್ನ ಹೆಬ್ಬಟ್ಟು ನೆಕ್ಕಿತು.

ಅತ್ತಿಗೆ ಕಿವಿ ಕೇಳದ ಒಂಬತ್ತು ವರ್ಷ ಆತು.
ಇದಕ್ಕ ಅಷ್ಟುದ್ದ ಕಿವಿ, ದನಿ ಇಲ್ಲ.
ಒಂದು ರಾತ್ರಿ ಏನು ಕಂಡು ಹೆದರಿತೋ,
ಹಿಂಗಾಲಿಲೆ ನೆಲಾ ಬಡಿತು, ಧಪ್ಪ. ಧಪ್ಪ.
ಕೌದಿ ಹಾಸಿ ನೆಲದ ಮ್ಯಾಲ ಮಲಗಿದಾಕಿ
ಧಡಕ್ಕನ ಎದ್ದು ಕುಂತಳು:
"ಬಾಗಲಾ ಬಡ್ಯಾಕತ್ತಾರ, ನೋಡು!"
ತಗದು ನೋಡಿದೆ. ಯಾರೂ ಇಲ್ಲ.
ಬೀದಿದೀಪ, ಎದುರಿನವರ ಸ್ಕೂಟರು.
ಹೊಳ್ಳಿ ಬಂದ್ರ ಅತ್ತಿ ಮಾರಿ ತುಂಬ ನಗಿ,
ಅಂಗೈ ಇನ್ನೂ ನೆಲದ ಮ್ಯಾಲ.

ಈಗ ಇಬ್ಬರೂ ಒಂದೇ ಕೌದಿ.
ನಿನ್ನಿ ಕಿವಿ ಹೊಳ್ಳಿಸಿ ಹೆಬ್ಬಟ್ಟಿಲೆ ತಿಕ್ಕಿಕೋತ ಕೇಳಿದಳು:
"ಯಾರ ಹಾಕಿಸ್ಯಾರ ಇದಕ್ಕ ಹಚ್ಚಿ? ತವರವ್ರೇನ?"
ಓದಾಕ ಬರೂದಿಲ್ಲ ಆಕಿಗೆ.
ಆಕಿ ಮುಂಗೈ ಮ್ಯಾಲೂ ಅದೇ ಹಸರ,
ತುಳಸಿಕಟ್ಟಿ, ನಾಕು ಚುಕ್ಕಿ.

ಕಿಲ್ಲಾ ಓಣಿಯ ನಮ್ಮ ಬಾಗಲಾ ನೆನಪಾತು.
ಸರ್ವೇದವರು ಕೆಂಪು ಬಣ್ಣದಾಗ ಬರದು ಹೋಗಿದ್ದು.
ಹಿನ್ನೀರು ಬಂದಾಗ ಹೊಸ್ತಿಲಾ ಮುಳುಗಿತು,
ನಂಬರು ಎಷ್ಟಿತ್ತು, ಮರತೀನಿ.

"ಹೂಂ, ತವರವ್ರು" ಅಂತ ಗೋಣು ಹಾಕಿದೆ.
"ಬಾ ನನ್ನವ್ವಾ" ಅಂತ ತೊಡಿ ಮ್ಯಾಲ ಎಳಕೊಂಡಳು.
ಅದು ಗಂಡು.
ಅದನ್ನೂ ಹೇಳಿಲ್ಲ ನಾ.