ಶೀರ್ಷಿಕೆ ಖಾಲಿ ಬಿಡುವಂತಿಲ್ಲ

ಪಾಂಡವಪುರದ ಪ್ಯಾಸೆಂಜರು ಇವತ್ತೂ ತಡ.
ಮೈಸೂರು ಮುಟ್ಟಿ, ನಡೆದು, ನೆಲಮಾಳಿಗೆಯ ಬೀಗ ತೆಗೆವಷ್ಟರಲ್ಲಿ
ಹತ್ತೂ ಇಪ್ಪತ್ತು. ಮೊದಲು ವಾಸನೆ ಎದುರು ಬರುತ್ತದೆ,
ನುಸಿಗುಳಿಗೆ, ಹಳೇ ಗೋಂದು, ಇಲಿ.
ಆಮೇಲೆ ದೀಪ.

ಕೆಲಸ ಕಷ್ಟದ್ದೇನಲ್ಲ:
ಪುಟ ತೆರೆ, ಗಾಜಿನಡಿ ಒತ್ತು, ಬೆಳಕು ಹಾಯಿಸು, ತಿರುಗಿಸು.
ದಿನಕ್ಕೆ ಎಂಟುನೂರು. ಕಾಂಟ್ರಾಕ್ಟು ಮಾರ್ಚಿನವರೆಗೆ.
ಕಬ್ಬಿನ ಕೆಂಪುಕೊಳೆಯ ಮೇಲೆ ಮುನ್ನೂರು ಪುಟ ಬರೆದವರು
ಗದ್ದೆ ಬಿಟ್ಟುಕೊಟ್ಟವನ ಹೆಸರಿನ ಜೊತೆ
ಅವನ ಎತ್ತುಗಳಿಗೂ ವಂದಿಸಿದ್ದಾರೆ.
ರೇಷ್ಮೆಹುಳದ ಕರುಳು. ನಾಲೆಯ ಹೂಳು.
ದಸರಾ ಗೊಂಬೆಯ ಬಣ್ಣದಲ್ಲಿ ಸೀಸವೆಷ್ಟು.
ಮೃದಂಗದ ಕರಣೆ ಯಾಕೆ ಬಿರಿಯುತ್ತದೆ ಎಂದು
ಭೌತಶಾಸ್ತ್ರದವನೊಬ್ಬ ಎಳೆದ ಅಲೆಯಂಥ ಗೆರೆಗಳು;
ಅಂಚಿನಲ್ಲಿ ಪರೀಕ್ಷಕರ ಪೆನ್ಸಿಲು:
‘ಸರಿ. ನೀವು ಎಂದಾದರೂ ನುಡಿಸಿ ನೋಡಿದಿರಾ?’
ಅದನ್ನೂ ಸ್ಕ್ಯಾನು ಮಾಡಿದೆ.
ಅಳಿಸು ಎಂದು ಯಾರೂ ಹೇಳಿರಲಿಲ್ಲ.

ಬುಧವಾರ ಟೇಪಿನ ಸರದಿ.
ಸ್ಪೂಲಿನ ಯಂತ್ರಕ್ಕೆ ಇಲಿಯಾಸ್ ಸಾಬರು
ಹೊಲಿಗೆ ಮಿಷನ್ನಿನ ಬೆಲ್ಟು ತೊಡಿಸಿ ಜೀವ ತಂದಿದ್ದಾರೆ.
ಬೂಷ್ಟು ಹಿಡಿದ ಡಬ್ಬಿಯ ಮೇಲೆ ಎರಡು ಶಾಯಿ.
ನೀಲಿ: ಕಿರುಗಾವಲು, ಬೀಸುವ ಪದ.
ಕೆಂಪು, ನೀಲಿಯನ್ನು ಹೊಡೆದುಹಾಕಿ:
ವೀಣೆ, ಶ್ರೀಮತಿ ಕನಕವಲ್ಲಿ, ಮನೆಯಲ್ಲಿ.

ಕಿವಿಗೆ ಹಾಕಿಕೊಂಡೆ. ತೋಡಿ.
ಅಗ್ರಹಾರದ ಯಾವುದೋ ನಡುಮನೆಯ ತೋಡಿ.
ಗಾಂಧಾರವನ್ನು ತೂಗಿ ತೂಗಿ ಇಳಿಸುವಾಗ
ಹೊರಗೆ ಜಟಕಾ ಹಾದುಹೋಯಿತು,
ಯಾರೋ ಕೆಮ್ಮಿ, ತಪ್ಪಾಯಿತೆಂಬಂತೆ ಸುಮ್ಮನಾದರು.
ನನ್ನ ಕೈಯ ಚಕ್ಕುಲಿ ಕೈಯಲ್ಲೇ ಉಳಿಯಿತು.
ನಲವತ್ತೊಂದನೇ ನಿಮಿಷ, ತಾನದ ನಡುವೆ,
ಟೇಪು ಒಮ್ಮೆ ಬಿಕ್ಕಿತು

ಕಲ್ಲು.
ರಾಗಿಕಲ್ಲಿನ ಗರಗರ, ಮೇಲೊಂದು ದನಿ, ಅರ್ಧ ಸಾಲಿನಿಂದ ಶುರು.
ಮೊದಲರ್ಧ ವೀಣೆಯ ಕೆಳಗೆಲ್ಲೋ.
ನಾಲ್ಕು ಸುತ್ತು ಹಾಡಿ ನಿಲ್ಲಿಸಿ,
‘ಲೇ, ಕೋಳಿ ಅಟ್ಟ್ಲಾ, ರಾಗಿಗ್ ಬಾಯಾಕ್ತವೆ.
ಸ್ವಾಮಿ, ಇದ್ನೂ ಬರ್ಕತದಾ?’
ಗಂಡಸಿನ ನಗು: ‘ಎಲ್ಲಾ ಬರ್ಕೊಳತ್ತಮ್ಮ. ಹೆಸರು ಹೇಳಿ.’
‘ನನ್ನೆಸ್ರು ತಗಂಡ್ ಏನ್ ಮಾಡೀರಿ.
ಕಲ್ಲ್ ಎಳೀತೀನಿ, ಬರ್ಕಳಿ.’
ಆರು ನಿಮಿಷ. ಆಮೇಲೆ ಬಿಳೀ ಪಟ್ಟಿ, ಪಟಪಟ.

ಹೋದ ತಿಂಗಳು ನಾನೇ ಸ್ಕ್ಯಾನು ಮಾಡಿದ ಪ್ರಬಂಧ ತೆಗೆದೆ:
ಬೀಸುವ ಪದಗಳ ಲಯ. ಅನುಬಂಧ ನಾಲ್ಕು, ಅಡಿಟಿಪ್ಪಣಿ:
‘ಇದರ ಧ್ವನಿಮುದ್ರಣ ಲಭ್ಯವಿಲ್ಲ.’
ಕೈತಿದ್ದುಪಡಿಗಳಲ್ಲಿ ‘ಳ’ದ ಬಾಲ ಮೇಲಕ್ಕೆ ಸುತ್ತಿದೆ.
ಡಬ್ಬಿಯ ನೀಲಿಯಲ್ಲೂ ಹಾಗೇ.
ಕೆಂಪಿನಲ್ಲೂ.

ಟೇಪು ದುಬಾರಿಯಿತ್ತೇನೋ.
ಕನಕವಲ್ಲಿ ಹಾಸಿಗೆ ಹಿಡಿಯುವ ಮುಂಚಿನ ಕೊನೆಯ ತೋಡಿಯೇನೋ.
ನಾನಾಗಿದ್ದರೆ ಏನು ಮಾಡುತ್ತಿದ್ದೆನೋ.

ಗದ್ದಲ ತೆಗೆಯುವ ಗುಂಡಿಯೊಂದಿದೆ. ಒತ್ತಿ ನೋಡಿದೆ.
ಯಂತ್ರ ಕಲ್ಲನ್ನು ಗದ್ದಲವೆಂದುಕೊಂಡಿತು.
ಕಲ್ಲು ಹೋದ ಮೇಲೆ ಆ ದನಿ
ಮೆಟ್ಟಿಲು ತಪ್ಪಿದ ಹಾಗೆ ತಡವರಿಸಿತು. ವಾಪಸು ತಂದೆ.
‘ಎರಡಾಗಿ ಕತ್ತರಿಸಿಬಿಡು, ಪ್ರಭಾಮಣಿ, ಸುಲಭ,’ ಎಂದರು ಮೇಡಂ.
ಎಲ್ಲಿ ಕತ್ತರಿಸಲಿ? ಬಿಕ್ಕು ಯಾರದು?

ಒಂದೇ ಫೈಲು. ಪರದೆಯ ಮೇಲೆ ಕೆಂಪಕ್ಷರ:
ಶೀರ್ಷಿಕೆ ಖಾಲಿ ಬಿಡುವಂತಿಲ್ಲ.
‘ತೋಡಿ’ ಎಂದು ಬರೆದು, ಅಲ್ಪವಿರಾಮ ಹಾಕಿ,
‘ಕಲ್ಲ್ ಎಳೀತೀನಿ, ಬರ್ಕಳಿ.’
ಕಲಾವಿದರು: ಕನಕವಲ್ಲಿ, ಮತ್ತು
(ಪಟ್ಟಿಯಲ್ಲಿ ‘ಅಜ್ಞಾತ’ ಸಿದ್ಧವಾಗಿತ್ತು, ಮುಟ್ಟಲಿಲ್ಲ)
ಕೇಳಿದರೂ ಹೆಸರು ಹೇಳದವರು.
ವಿಷಯ: ಶಾಸ್ತ್ರೀಯ, ಜಾನಪದ, ಇತರೆ; ಒಂದನ್ನು ಮಾತ್ರ ಆರಿಸಿ.
ಇತರೆ.

ಯಂತ್ರ ಒಪ್ಪಿತು, ನಂಬರು ಕೊಟ್ಟಿತು.
ಚಕ್ಕುಲಿ ಮೆತ್ತಗಾಗಿತ್ತು, ತಿಂದೆ.
ಮುಂದಿನ ಡಬ್ಬಿಯ ಮೇಲೆ
ಯಾವ ಶಾಯಿಯೂ ಇರಲಿಲ್ಲ.