ಸೀಗಡಿಯ ಬೆನ್ನು

ಯೊಂಗ್‌ಸಾನಿನ ಮೂರನೇ ಮಹಡಿ, ಲಿಫ್ಟಿನ ಬೆನ್ನಿಗೆ
ಮಂಚದಗಲದ ರಿಪೇರಿ ಅಂಗಡಿ.
ಓಕ್ ಮಾಲ್‌ಸುನ್ ಶಟರು ಎತ್ತುವುದು ಹತ್ತೂವರೆಗೆ.
ಮೊದಲು ಬಾರ್ಲಿ ಚಹಾ, ಆಮೇಲೆ ದೀಪ,
ಆಮೇಲೆ ಭೂತಗನ್ನಡಿ.

ಎದುರಿಗೆ ತಾಕ್ ಯಜಮಾನನ ಗಾಜಿನ ಕಪಾಟು.
ಇಷ್ಟು ವರ್ಷ ಅಲ್ಲಿ ನೀಲಿ ಡಬ್ಬಗಳದೇ ದರಬಾರು,
ಕೆಂಪಿನವು ಕೆಳಗೆ, ಕಸಬರಿಗೆಯ ಪಕ್ಕ,
ಬಗ್ಗಿ ನೋಡಿದವರಿಗಷ್ಟೇ.
ಈ ಚಳಿಗಾಲ ಏನಾಯಿತೋ,
ಅದೇ ದುಡ್ಡಿಗೆ ಎರಡು ಪಟ್ಟು ಕೋರು ಅಂದುಕೊಂಡು
ಕೆಂಪು ಮೇಲಿನ ಹಲಗೆ ಹತ್ತಿತು.
ನೀಲಿಯ ಏಜೆಂಟ್ ಪ್ಯೋ ಓಡಿ ಬಂದ,
ಟೈ ಸಡಿಲ, ಕೈಯಲ್ಲಿ ಜೇಜು ಕಿತ್ತಳೆಯ ಬುಟ್ಟಿ.
"ಅಕ್ಕಾ, ಅವನು ನಿನ್ನ ಮಾತು ಕೇಳುತ್ತಾನೆ.
ಕಣ್ಣಿನ ಮಟ್ಟದಲ್ಲಿ ಒಂದು ಸಾಲು, ಒಂದೇ ಸಾಲು."
ಅವಳು ಬುಟ್ಟಿ ಇಟ್ಟುಕೊಂಡಳು.
ಮಾತು ಕೊಡಲಿಲ್ಲ.

ತಿಮಿಂಗಿಲಗಳು ಕಾದಿದರೆ ಸೀಗಡಿಯ ಬೆನ್ನು ಮುರಿಯುತ್ತದೆ,
ಈ ಊರಿನ ಗಾದೆ.
ತಾಕ್ ಅದನ್ನೇ ಗೊಣಗುತ್ತ ಬೆಲೆಚೀಟಿ ಕೀಳುತ್ತಾನೆ.
ಬೆಳಿಗ್ಗೆ ಬರೆದದ್ದು ಮಧ್ಯಾಹ್ನಕ್ಕೆ ಸುಳ್ಳು.
ಹಳೇ ದರಕ್ಕೆ ಕೊಂಡ ನಲವತ್ತು ಡಬ್ಬ
ಗೋದಾಮಿನಲ್ಲಿ ಮುನಿದ ಅತ್ತೆಯರ ಹಾಗೆ ಕೂತು
ಅವನನ್ನೇ ನೋಡುತ್ತವೆ.

ನಾಲ್ಕು ಗಂಟೆಗೆ ಶಾಲೆಯ ಕೋಟಿನ ಹುಡುಗ, ಬಾನ್ ಸೆ-ಊ.
ಅಂಗೈಯಲ್ಲಿ ಕರವಸ್ತ್ರ, ಹಕ್ಕಿಮರಿ ತಂದವನ ಹಾಗೆ.
ಬಿಚ್ಚಿದರೆ, ಕೆಂಪಿನವರ ಚಿಪ್.
ಮೂರು ತಿಂಗಳು ಸೂಪಿನಂಗಡಿಯ ಬಟ್ಟಲು ತೊಳೆದ ಕಾಸು.
ಜಾರಿ ಬಿದ್ದು, ಹೊಟ್ಟೆಯಡಿಯ ಸಾವಿರದ ಚಿಲ್ಲರೆ ಚಿನ್ನದ ಕಾಲುಗಳಲ್ಲಿ
ಹನ್ನೊಂದು ಮಲಗಿವೆ.

"ನೀಲಿಯದಾಗಿದ್ದರೆ ಬಾಗುತ್ತಿರಲಿಲ್ಲ, ಅಲ್ವಾ?"
"ಅದರ ಕಾಲು ಬೋರ್ಡಿನಲ್ಲಿವೆ. ಅಲ್ಲಿ ಬಾಗುತ್ತಿದ್ದವು.
ಬೀಳಿಸುವ ಕೈಗೆ ಯಾವ ಕಂಪನಿಯಾದರೇನು?"

ಸೀಸ ತೆಗೆದ ಪೆನ್ಸಿಲು ಅವಳ ಆಯುಧ.
ಅದರ ಟೊಳ್ಳು ಮೂತಿಯೊಳಗೆ ಒಂದೊಂದೇ ಕಾಲು ಸೇರಿಸಿ
ಉಸಿರು ಹಿಡಿದು ಎತ್ತುತ್ತಾಳೆ,
ನಿದ್ದೆಹೋದ ಮಗುವಿನ ತೋಳನ್ನು
ಅಂಗಿಯೊಳಗೆ ತೂರಿಸುವವರ ಹಾಗೆ.
ಹತ್ತು ನಿಂತವು.
ಹನ್ನೊಂದನೆಯದು ಎಷ್ಟು ಓಲೈಸಿದರೂ
ಕೂದಲೆಳೆಯಷ್ಟು ವಾರೆ.
"ಇರಲಿ ಬಿಡು. ಕೂರುತ್ತೆ."
ಕೂತಿತು. ಫ್ಯಾನು ಕೆಮ್ಮಿ ತಿರುಗಿತು, ಪರದೆಯಲ್ಲಿ ಬೆಳಕು.

ಎಷ್ಟಾಯಿತು ಎಂದರೆ ಐದು ಸಾವಿರ ವಾನ್.
ಹದಿನೈದು ವರ್ಷದಿಂದ ಅದೇ ದರ,
ಇವಳಿಗೆ ಪೈಪೋಟಿಗೆ ಯಾರೂ ಬಂದಿಲ್ಲ.
ಮೇಜಿಗೆ ಕೈಯೂರಿ, ಸೊಂಟ ಹಿಡಿದು,
ತಡೆದು ತಡೆದು ನೆಟ್ಟಗಾದಳು,
ಆದಷ್ಟು.
ಆಮೇಲೆ ನೀಲಿಯವನ ಕಿತ್ತಳೆ ಎರಡು ತೆಗೆದು
ಹುಡುಗನ ಕೋಟಿನ ಜೇಬಿಗೆ ತುರುಕಿದಳು,
ಚಿಪ್ ಇರುವ ಜೇಬು ಬಿಟ್ಟು.