ಗೆರೆಯ ದಪ್ಪ

ನಾಲ್ಕು ಮೈಲಿಗೆ ಒಂದು ಅಂಗುಲ.
ಅಳತೆ ಅದು. ಚಿತ್ರದುರ್ಗದ ಸರ್ವೆ ಕಚೇರಿಯಲ್ಲಿ
ಟ್ರೇಸಿಂಗ್ ಬಟ್ಟೆ ಹಾಸಿ, ನಾಲ್ಕು ಮೂಲೆಗೂ
ತಕ್ಕಡಿ ಬಟ್ಟು ಹೇರಿ
ಒಂದು ಲೋಕಸಭಾ ಕ್ಷೇತ್ರವನ್ನು ನಾನು ಎರಡು ಮಾಡಿದಾಗ
ನನಗೆ ಇಪ್ಪತ್ನಾಲ್ಕು.
ಓಟು ಹಾಕಿದ್ದು ಅದುವರೆಗೆ ಒಂದೇ ಸಲ.

ಹೆಡ್ ಡ್ರಾಫ್ಟ್ಸ್‌ಮನ್ ಮೀರ್ ಸಾಬರು
ನಿಬ್ಬನ್ನು ಹೆಬ್ಬೆರಳ ಉಗುರಿಗೆ ಎಳೆದು ನೋಡಿ
'ಗೆರೆ ಕೂದಲಿನಂಗಿರಬೇಕು ಮರಿ, ಹುರಿಯಂಗಲ್ಲ' ಎನ್ನುತ್ತಿದ್ದರು.
ನನ್ನದು ಹುರಿಯಾಯಿತು.
ಬಂಡೆ ಕಾದ ಗಾಳಿ ಕಿಟಕಿಯಿಂದ; ಬೆವರಿದ ಕೈ;
ಶಾಯಿ ಒಂದು ಗುಟುಕು ಹೆಚ್ಚೇ ಇಳಿಯಿತು.
ಈಚೆಗೆ ಚಿತ್ರದುರ್ಗ, ಆಚೆಗೆ ದಾವಣಗೆರೆ ಎಂದು
ದುಂಡಗೆ ಬರೆದು, ಒಣಗಿಸಿ, ಸುತ್ತಿ, ಮೇಲಕ್ಕೆ ಕಳಿಸಿದೆವು.

ಆರು ತಿಂಗಳಿಗೆ ಬೊಮ್ಮಕ್ಕ ಬಂದಳು.
ಸೆರಗಲ್ಲಿ ಬುತ್ತಿ, ಕಂಕುಳಲ್ಲಿ ಕೂಸು.
'ನಮ್ಮ ಎರೆಗಟ್ಟೆಹಟ್ಟಿ ಯಾವ್ ಕಡೀಗೈತಪ್ಪ?
ಓಟಿನ್ ಪಟ್ಟೀಲಿ ಅಲ್ಲೂ ಇಲ್ಲ, ಇಲ್ಲೂ ಇಲ್ಲ.'
ನಕಲು ಬಿಚ್ಚಿದೆ. ಭೂತಗನ್ನಡಿ ಹಿಡಿದೆ.
ಹಟ್ಟಿ ಆಚೆಗೂ ಇರಲಿಲ್ಲ, ಈಚೆಗೂ ಇರಲಿಲ್ಲ,
ಗೆರೆಯೊಳಗಿತ್ತು.

ಲೆಕ್ಕ ನೀವೇ ಹಾಕಿ:
ಅರ್ಧ ಮಿಲಿಮೀಟರು ಶಾಯಿಯೆಂದರೆ
ನೆಲದ ಮೇಲೆ ನೂರಿಪ್ಪತ್ತೈದು ಮೀಟರು.
ಅಷ್ಟರಲ್ಲಿ ಹದಿನಾಲ್ಕು ಮನೆ, ಕುರಿರೊಪ್ಪ,
ಹೂ ಬಿಟ್ಟು ಕಾಯಿ ಬಿಡದ ಒಂದು ಹುಣಸೆ,
ಸತ್ತವರ ಮೇಲಿಟ್ಟ ಗುಂಡುಕಲ್ಲು,
ಬೊಮ್ಮಕ್ಕ ಬೂದಿ ಮುಚ್ಚಿ ಬಂದ ಒಲೆ.

ಮೀರ್ ಸಾಬರು ಬೈಯಲಿಲ್ಲ. ಬ್ಲೇಡು ಕೊಟ್ಟರು. 'ಕೆರಿ.'
ಯಾವ ಅಂಚು ಕೆರೆಯಲಿ?
'ಸಂತೆ ಯಾವ ಕಡೆಯಮ್ಮ?'
'ಸಂತೇಗೆ ಭರಮಸಾಗ್ರ. ಹೆಣ್ಣು ಕೊಡಾದು ಮಾಯಕೊಂಡದ್ ಕಡೀಕೆ.
ದೇವ್ರು ಜಗಳೂರಿನಾಗೈತೆ.'
ಸಂತೆಯ ಕಡೆಗೆ ಬಿಟ್ಟೆ.
ದೇವರಿಗೆ ಓಟಿಲ್ಲ, ಬೀಗರು ಹೇಗೂ ಬಂದು ಹೋಗುತ್ತಾರೆ,
ಉಪ್ಪು ಮುಗಿದರೆ ಸಂತೆಗೇ ಹೋಗಬೇಕಲ್ಲ.

ಆಮೇಲೆ ತೊಂಬತ್ತೇಳರಲ್ಲಿ ಜಿಲ್ಲೆಯೇ ಒಡೆಯಿತು.
ಹೊನ್ನಾಳಿ ಬಂತು, ಚನ್ನಗಿರಿ ಬಂತು ಶಿವಮೊಗ್ಗ ಬಿಟ್ಟು.
ಬಳ್ಳಾರಿಯಿಂದ ಬಂದ ಹರಪನಹಳ್ಳಿ
ಇಪ್ಪತ್ತು ವರ್ಷ ಇದ್ದು ವಾಪಸು ಹೋಯಿತು,
ಓಟನ್ನು ಮಾತ್ರ ಇಲ್ಲೇ ಗೂಟಕ್ಕೆ ಕಟ್ಟಿ.
ಪಾವಗಡ ಕಂದಾಯ ಕಟ್ಟುವುದು ತುಮಕೂರಿಗೆ,
ಎಂಪಿಯನ್ನು ಹುಡುಕುವುದು ಚಿತ್ರದುರ್ಗದಲ್ಲಿ.
ನಕ್ಷೆ ಮಾಡುವವನಿಗೆ ಇದೆಲ್ಲ ಬಣ್ಣದ ಪೆನ್ಸಿಲ್ಲಿನ ಮಾತು.
ಜಿಲ್ಲೆಗೆ ಹಸಿರು, ಕ್ಷೇತ್ರಕ್ಕೆ ಕೆಂಪು.
ಎರಡೂ ಒಂದರ ಮೇಲೊಂದು ಬಿದ್ದಲ್ಲಿ
ಒಣಗಿದ ಎಲೆಯಡಿಕೆ ಕಲೆ.

ಕೊನೆಯ ಸಲ ಗೆರೆ ಬದಲಾಗುವಾಗ ನನ್ನ ನಿವೃತ್ತಿಗೆ ಒಂದು ವರ್ಷ.
ವಿಧಾನಸಭೆಯ ಪಟ್ಟಿಯಿಂದ ಭರಮಸಾಗರ ಅನ್ನುವ ಹೆಸರೇ ಹೋಯಿತು.
ಊರು ಅಲ್ಲೇ ಇತ್ತು, ಸಂತೆಯೂ.
ಹೊಸದಾಗಿ ಬಂದ ಹುಡುಗ ಯತಿರಾಜ ಕಂಪ್ಯೂಟರು ತೋರಿಸಿದ:
'ಸಾರ್, ಈ ಗೆರೆಗೆ ದಪ್ಪಾನೇ ಇಲ್ಲ. ಎಷ್ಟು ಹಿಗ್ಗಿಸಿದರೂ ಇಷ್ಟೇ.'
ಹಿಗ್ಗಿಸುತ್ತಲೇ ಹೋದ.
ಖುಷಿಪಡಬೇಕಾಗಿತ್ತು ನಾನು.
ಹೊಟ್ಟೆಯಲ್ಲಿ ಏನೋ ಕಿವುಚಿತು:
ಇನ್ನು ಗೆರೆಯೊಳಗೆ ಯಾರೂ ಸಿಕ್ಕಿಕೊಳ್ಳುವುದಿಲ್ಲ,
ಕಚೇರಿಗೆ ಯಾರೂ ಬುತ್ತಿ ಕಟ್ಟಿಕೊಂಡು ಬರುವುದಿಲ್ಲ,
ಯಾವ ಕಡೆ ಸಂತೆ ಎಂದು ಕೇಳುವವರೂ ಇಲ್ಲ.

ಮೂವತ್ತು ವರ್ಷ ಎಳೆದೆ, ಅಳಿಸಿದೆ.
ಆ ಹಟ್ಟಿಗೆ ಒಮ್ಮೆಯೂ ಹೋಗಿರಲಿಲ್ಲ.
ಪಿಂಚಣಿ ಶುರುವಾದ ತಿಂಗಳು ಹೋದೆ,
ಬಸ್ಸಿಳಿದು ಮೂರು ಮೈಲಿ, ಕರಿನೆಲದ ಬಿರುಕು ದಾಟಿ.
ಹುಣಸೆ ಇತ್ತು. ಮನೆ ಇಪ್ಪತ್ತೆರಡಾಗಿದ್ದವು.
ನನ್ನ ಗೆರೆ ಎಲ್ಲಿ ಹಾಯಬೇಕಿತ್ತೋ ಅಲ್ಲಿ
ಯಾರದೋ ಕೌದಿ ಒಣಗುತ್ತಿತ್ತು.

ಜಗುಲಿಯ ಮೇಲೆ ಕಣ್ಣು ಮಂಜಾದ ಮುದುಕಿ,
ಕೈಯಲ್ಲಿ ಚೀಲ, ಕಿಸೆಯಲ್ಲಿ ಪೆನ್ನು ಕಂಡು
ನನ್ನನ್ನು ಓಟಿನ ಪಟ್ಟಿಯವನು ಅಂದುಕೊಂಡಳು.
ಹೆಸರು ಹೇಳಲಿಲ್ಲ, ಯಾರೆಂದು ಕೇಳಲಿಲ್ಲ.
ಕೂತಲ್ಲೇ ಕೈಯೆತ್ತಿ,
'ಇದೀವಿ,' ಅಂದಳು. 'ಬರ್ಕಳಪ್ಪ.'